ಬೋರ್ಡಿನ ಹಾವು

ಚೆಲುವಯ್ಯನಿಗೆ ತಿಳಿದ ಮಟ್ಟಿಗೆ ಅವನ ಹೊಂಡದಲ್ಲಿ ಹಾವು ಇರಲಿಲ್ಲ. ಬೋರ್ಡಿನಲ್ಲಿ ಮಾತ್ರ ಇತ್ತು.

ಬೋರ್ಡು ಬರೆಸುವ ಹಾಗಾದದ್ದು ಹೂವಿನ ದೆಸೆಯಿಂದ. ಹಂಗಳ ದಾಟಿ ಬಂಡೀಪುರದ ಕಡೆಗೆ ಹೋಗುವ ಟಾರು ರಸ್ತೆಯ ಮಗ್ಗುಲಲ್ಲೇ ಅವನ ಹೊಲ. ಈ ಸಲ ಚೆಂಡುಹೂವು ಹಾಕಿದ್ದ. ಹೂವು ಬಿರಿದ ದಿನದಿಂದ ಊಟಿಗೆ ಹೋಗುವವರು, ಊಟಿಯಿಂದ ಬರುವವರು, ಹೂವು ನೋಡಲೆಂದೇ ಕೇರಳದಿಂದ ಗಡಿ ದಾಟಿ ಬರುವವರು, ಎಲ್ಲರ ಕಾರಿಗೂ ಅಲ್ಲೇ ಬ್ರೇಕು ಬೀಳತೊಡಗಿತು. ಇಳಿದವರು ಸಾಲಿನ ನಡುವೆ ನುಗ್ಗಿ, ತೋಳು ಚಾಚಿ, ಆಕಾಶ ನೋಡುತ್ತ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆಮೇಲೆ ಕೆಸರಾದ ಕಾಲನ್ನು ಅವನ ಹೊಂಡದಲ್ಲೇ ತೊಳೆದುಕೊಂಡು ಹೊರಡುತ್ತಿದ್ದರು. ಮದುವೆ ನಿಶ್ಚಯವಾಗಿದ್ದ ಒಂದು ಜೋಡಿಯಂತೂ ಹೂವಿನ ಮೇಲೆ ಮಲಗಿ ಎದ್ದು ಹೋಗಿತ್ತು. ಅಷ್ಟು ಜಾಗ ಎಮ್ಮೆ ಹೊರಳಾಡಿದ ಮಡುವಿನ ಹಾಗೆ ಕಾಣುತ್ತಿತ್ತು.

ಚೆಲುವಯ್ಯ ಮೊದಲು ‘ಒಳಗೆ ಬರಬಾರದು’ ಎಂದು ಬರೆಸಿದ. ಜನ ಆ ಬೋರ್ಡಿಗೆ ಒರಗಿ ಫೋಟೋ ತೆಗೆಸಿಕೊಂಡರು. ‘ನಾಯಿ ಇದೆ’ ಎಂದು ಬರೆಸಿದ. ಮಾರನೆಯ ದಿನ ಬಿಸ್ಕತ್ತು ಹಿಡಿದುಕೊಂಡು ಬಂದರು. ಮೂರನೆಯ ಸಲ ಗುಂಡ್ಲುಪೇಟೆಗೆ ಹೋಗಿ, ಲಾರಿಗಳ ಹಿಂದೆ ಹುಲಿ, ಕಮಲ ಬರೆಯುವ ಪೇಂಟರನ ಮುಂದೆ ಕುಳಿತು, ತಾನೇ ಹೇಳಿ ಬರೆಸಿದ: ‘ಎಚ್ಚರಿಕೆ. ಈ ಹೊಂಡದಲ್ಲಿ ವಿಷದ ನೀರುಹಾವು ಇದೆ. ಮನುಷ್ಯರನ್ನು ಕಂಡರೆ ಅಟ್ಟಿಸಿಕೊಂಡು ಬರುತ್ತದೆ.’ ಪೇಂಟರ ತನ್ನ ಖುಷಿಗೆ ಒಂದು ಹಾವನ್ನೂ ಬರೆದುಕೊಟ್ಟ. ಅದಕ್ಕೆ ನಾಗರಹಾವಿನ ಹೆಡೆ, ಮೀನಿನ ರೆಕ್ಕೆ, ಹುಲಿಯ ಹಲ್ಲು ಇದ್ದವು.

ಈ ಬೋರ್ಡು ಕೆಲಸ ಮಾಡಿತು. ಬಂದ ಕಾರುಗಳು ನಿಧಾನವಾಗಿ, ಓದಿ, ಗಾಜು ಏರಿಸಿಕೊಂಡು ಮುಂದಕ್ಕೆ ಹೋದವು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಚೆಲುವಯ್ಯನೂ ಸುಖವಾಗಿ ಇರುತ್ತಿದ್ದ. ಆದರೆ ಸಂಜೆ ಟೀ ಅಂಗಡಿಯಲ್ಲಿ ಪುಟ್ಟಮಾದಯ್ಯ, “ನಿಜವಾಗ್ಲೂ ಅದಾ?” ಎಂದು ಕೇಳಿದಾಗ ಅವನ ಬಾಯಿ ಅವನ ಮಾತು ಕೇಳಲಿಲ್ಲ. ಹಾವು ತನ್ನನ್ನು ಹೊಂಡದ ಏರಿಯಿಂದ ಟಾರು ರಸ್ತೆಯವರೆಗೆ ಅಟ್ಟಿಸಿಕೊಂಡು ಬಂದದ್ದು, ತಾನು ಎಡಗಾಲಿನ ಚಪ್ಪಲಿ ಬಿಟ್ಟು ಓಡಿದ್ದು, ಅದು ಚಪ್ಪಲಿಯನ್ನು ಕಚ್ಚಿ ಹಿಡಿದು ನಿಂತದ್ದು, ಎಲ್ಲವನ್ನೂ ಹೇಳಿದ. ಪುಟ್ಟಮಾದಯ್ಯನಿಗೆ ಒಂದು ಸುದ್ದಿ ಹೇಳಿದರೆ ಊರಿಗೆ ಮೈಕ್ ಕಟ್ಟಿಸುವ ಖರ್ಚು ಉಳಿಯುತ್ತಿತ್ತು.

ಮಾರನೆಯ ದಿನ ಹೂವು ಕೀಳಬೇಕಿತ್ತು. ಹೂವು ಕೊಳ್ಳುವ ಫ್ಯಾಕ್ಟರಿಯ ಟೆಂಪೊ ಸಂಜೆ ಊರಿಗೆ ಬರುವುದಿತ್ತು. ಈ ಸರದಿ ತಪ್ಪಿದರೆ ಮುಂದಿನ ಸರದಿಯ ಹೊತ್ತಿಗೆ ಗಿಡದ ಮೇಲೆ ಹೂವು ಕಪ್ಪಾಗಿ ಕೊಳೆತು, ಇಡೀ ಬೆಳೆ ಮಣ್ಣು ಸೇರುವುದು ಖಾತ್ರಿ. ಬೆಳಿಗ್ಗೆ ಮಹಾಲಕ್ಷ್ಮಮ್ಮ ತನ್ನ ಕೂಲಿ ಗುಂಪಿನ ಹೆಂಗಸರನ್ನು ಕಟ್ಟಿಕೊಂಡು ಬಂದಳು. ಬೋರ್ಡಿನ ಎದುರು ನಿಂತಳು. ಅವಳು ನಿಂತರೆ ಗುಂಪೂ ನಿಲ್ಲುತ್ತದೆ.

“ಏನ್ ಚೆಲುವಯ್ಯ, ಇಂಥ ಆವ್ನ ಮಡಿಕ್ಕಂಡು ನಮ್ಮುನ್ನ ಕೆಲ್ಸಕ್ಕೆ ಕರ್ದಿದ್ದೀಯಲ್ಲ. ನಮ್ಗೂ ಮಕ್ಳುಮರಿ ಇಲ್ವಾ?”

“ಅದು ಟೂರಿಸ್ಟ್‌ಗಳ್ಗೆ ಬರ್ಸಿರದು ಕಣಕ್ಕ, ನಿಮ್ಗಲ್ಲ.”

“ಆವಿಗೆ ಗೊತ್ತಾದದಾ, ಇವ್ರು ಟೂರಿಸ್ಟು, ಇವ್ರು ಕೂಲಿಯವ್ರು ಅಂತ?”

ಬೋರ್ಡೇ ಸುಳ್ಳು ಎಂದು ಹೇಳಲು ಚೆಲುವಯ್ಯ ಬಾಯಿ ತೆರೆದ. ಅಷ್ಟರಲ್ಲಿ ಪುಟ್ಟಮಾದಯ್ಯ ಹಲ್ಲುಕಡ್ಡಿ ಕಚ್ಚಿಕೊಂಡು ರಸ್ತೆ ದಾಟಿ ಬರುತ್ತಿದ್ದ. ಚೆಲುವಯ್ಯ ತೆರೆದ ಬಾಯಿ ಮುಚ್ಚಿದ. ಬದಲಿಗೆ, ಹಾವಿಗೆ ಮುಂಚೆ ಕೋಪ ಜಾಸ್ತಿ ಇದ್ದದ್ದು ನಿಜ, ಈಗ ಸಾಧುವಾಗಿದೆ ಎಂದ. ನಿನ್ನೆ ಸಂಜೆಯಿಂದ ಇವತ್ತು ಬೆಳಗಾಗುವುದರೊಳಗೆ ಅದಕ್ಕೆ ಬುದ್ಧಿ ಹೇಳಿದವರು ಯಾರು ಎಂದು ಮಹಾಲಕ್ಷ್ಮಮ್ಮ ಕೇಳಿದಳು.

ಅಲ್ಲಿಂದ ಚರ್ಚೆ ಶುರುವಾಯಿತು. ನೀರುಹಾವು ನೀರಿನಲ್ಲಿ ಕಚ್ಚುವುದಿಲ್ಲ, ಬಾಯಿ ತೆರೆದರೆ ನೀರು ನುಗ್ಗುತ್ತದೆ, ದಡಕ್ಕೆ ಬಂದ ಮೇಲೆಯೇ ಅದರ ಆಟ ಎಂದು ಒಬ್ಬಳು. ಅದಕ್ಕೆ ಅಮಾವಾಸ್ಯೆಯ ದಿನ ಮಾತ್ರ ವಿಷ ಏರುತ್ತದೆ ಎಂದು ಇನ್ನೊಬ್ಬಳು. ಅಮಾವಾಸ್ಯೆ ಯಾವತ್ತು ಎಂಬುದರ ಮೇಲೆ ಸ್ವಲ್ಪ ಹೊತ್ತು ಹೋಯಿತು. ಅಟ್ಟಿಸಿಕೊಂಡು ಬಂದಾಗ ನೆಟ್ಟಗೆ ಓಡಬಾರದು, ಸೊಟ್ಟಸೊಟ್ಟಗೆ ಓಡಬೇಕು, ಚೆಲುವಯ್ಯ ಬದುಕಿದ್ದೇ ಹಾಗೆ ಓಡಿದ್ದರಿಂದ ಎಂದು ಪುಟ್ಟಮಾದಯ್ಯ ಹೇಳಿ, ಓಡಿಯೂ ತೋರಿಸಿದ. ತಾನು ಓಡಿದ ರೀತಿಯನ್ನು ಚೆಲುವಯ್ಯ ನೋಡಿದ್ದು ಆಗಲೇ.

ಬಿಸಿಲು ಏರುತ್ತಿತ್ತು. ಖಾಲಿ ಚೀಲಗಳು ಏರಿಯ ಮೇಲೆ ಬಿದ್ದಿದ್ದವು. ಕೊನೆಗೆ ಮಹಾಲಕ್ಷ್ಮಮ್ಮ ತೀರ್ಮಾನ ಹೇಳಿದಳು: ಹಾವು ಹಿಡಿಸು, ನಮ್ಮ ಕಣ್ಣೆದುರಿಗೆ ಹಿಡಿಸು, ಆಮೇಲೆ ಕೈ ಹಾಕುತ್ತೇವೆ. ಪುಟ್ಟಮಾದಯ್ಯ ಆಗಲೇ ಗುಂಡ್ಲುಪೇಟೆಯ ಕಿರಣ್ ಕುಮಾರನಿಗೆ ಫೋನು ಹಚ್ಚಿದ್ದ.

ಕಿರಣ್ ಕುಮಾರ ಹಗಲು ಮೊಬೈಲ್ ರಿಪೇರಿ ಮಾಡುವವನು. ಯಾರಾದರೂ ಕರೆದರೆ ಅಂಗಡಿಯ ಶಟರ್ ಎಳೆದು ಹಾವು ಹಿಡಿಯಲು ಹೊರಡುವವನು. ಬೈಕಿನಲ್ಲಿ ಕೊಕ್ಕೆ ಕೋಲು, ಬಲೆ, ಹೆಗಲಿಗೆ ಒಂದು ಬಟ್ಟೆಯ ಚೀಲ. ಬಂದವನೇ ಬೋರ್ಡಿನ ಹಾವನ್ನು ಬಹಳ ಹೊತ್ತು ನೋಡಿದ. ಈ ಜಾತಿಯನ್ನು ತಾನು ಇನ್ನೂ ಹಿಡಿದಿಲ್ಲ ಎಂದ.

ಚೆಲುವಯ್ಯ ಅವನನ್ನು ಪಂಪ್‌ಸೆಟ್ ಮನೆಯ ಹಿಂದಕ್ಕೆ ಕರೆದೊಯ್ದು ಇದ್ದದ್ದನ್ನು ಇದ್ದ ಹಾಗೆ ಹೇಳಿಕೊಂಡ. ಕಿರಣ್ ನಗಲಿಲ್ಲ.

“ಅಣ್ಣ, ವಿಷ ಇರೋ ನೀರಾವು ಇರದು ಸಮುದ್ರದಲ್ಲಿ. ನಮ್ ಕೆರೆಕಟ್ಟೆಲಿರದು ನೀರೊಳ್ಳೆ, ಅದ್ಕೆ ವಿಷ ಇಲ್ಲ. ಇನ್ನು ಅಟ್ಟುಸ್ಕಂಡು ಬರದು ಅನ್ನದು ಯಾವ ಆವಿನ ಕಸುಬೂ ಅಲ್ಲ. ಅದ್ರ ದಾರಿಗೆ ನಾವು ಅಡ್ಡ ಓಗ್ದೆ ಇದ್ರೆ ಸರಿ.”

“ಅದ್ನ ಆ ಮಹಾಲಕ್ಷ್ಮಕ್ಕಂಗೆ ಹೇಳಪ್ಪ.”

ಕಿರಣ್ ಹೋಗಿ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡು, “ನೀನು ಆವಿನ ಕಡೆಯವ್ನು ಬುಡಪ್ಪ” ಎಂದಳು.

ಉಳಿದದ್ದು ಒಂದೇ ದಾರಿ. ಕಿರಣನ ಹೆಗಲ ಚೀಲದಲ್ಲಿ ಒಂದು ನೀರೊಳ್ಳೆ ಇತ್ತು. ಬೆಳಿಗ್ಗೆ ತೆರಕಣಾಂಬಿಯಲ್ಲಿ ಯಾರದೋ ಬಚ್ಚಲಿನಿಂದ ಹಿಡಿದು ತಂದದ್ದು. ಹೇಗಿದ್ದರೂ ನೀರಿಗೆ ಬಿಡಬೇಕಾದದ್ದು. ಅದನ್ನು ಹೊಂಡಕ್ಕೆ ಬಿಟ್ಟು, ಎಲ್ಲರ ಎದುರಿಗೆ ಹಿಡಿದರೆ ಹಾವೂ ಸಿಕ್ಕಿದ ಹಾಗಾಯಿತು, ಹೂವೂ ಕಿತ್ತ ಹಾಗಾಯಿತು. ಆದರೆ ಹೆಂಗಸರ ಕಣ್ಣು ಕಿರಣನ ಕೈಯ ಮೇಲೇ ಇದ್ದುದರಿಂದ ಬಿಡುವ ಕೆಲಸ ಚೆಲುವಯ್ಯನ ಪಾಲಿಗೆ ಬಂತು.

ಚೀಲವನ್ನು ಟವೆಲಿನ ಅಡಿಯಲ್ಲಿ ಹಿಡಿದು, ಹೆಣ್ಣು ನೋಡಲು ಹೊರಟವನ ಹಾಗೆ ಮೈ ಬಿಗಿ ಮಾಡಿಕೊಂಡು, ಅವನು ಹೊಂಡದ ಆಚೆ ಮೂಲೆಗೆ ಹೋದ. ಗಂಟು ಬಿಚ್ಚಿದ. ಚೀಲದ ಬಾಯನ್ನು ನೀರಿನೊಳಗೆ ಅದ್ದಿ, ಕಣ್ಣು ಮುಚ್ಚಿ, ಮಾದಪ್ಪನನ್ನು ನೆನೆದು ಅಲ್ಲಾಡಿಸಿದ. ಬುಳಕ್ ಎಂದು ಸದ್ದಾಯಿತು. ಹೋಯಿತು ಎಂದುಕೊಂಡ. ಹೋದದ್ದು ಮತ್ತೆ ವಾಪಸು ಬಂದೀತೆಂದು ತಕ್ಷಣ ಚೀಲದ ಬಾಯಿ ಸೇರಿಸಿ ಎರಡು ಗಂಟು ಹಾಕಿದ. ನೀರು ಕುಡಿದು ಭಾರವಾಗಿದ್ದ ಚೀಲವನ್ನು ಪಂಪ್‌ಸೆಟ್ ಮನೆಯೊಳಗೆ ಎಸೆದು ಬಂದ.

ಕಿರಣ್ ಸೊಂಟದ ಮಟ್ಟಕ್ಕೆ ಇಳಿದು ಬಲೆ ಹಾಕಿದ. ಹುಡುಕುವ ನಟನೆ ಮಾಡುತ್ತಿರುವಾಗಲೇ, ನಟನೆ ಇನ್ನೂ ರಂಗೇರುವ ಮುಂಚೆಯೇ, ಬಲೆಯಲ್ಲಿ ಹಾವು ಒದ್ದಾಡಿತು. ಕೈ ಹಾಕಿದ. ಅದು ತಿರುಗಿ ಹೆಬ್ಬೆರಳಿನ ಬುಡಕ್ಕೆ ಕಚ್ಚಿತು. ರಕ್ತ ಜಿನುಗಿತು. ಹೆಂಗಸರು ಒಂದೇ ಉಸಿರಿಗೆ ಹಿಂದೆ ಸರಿದರು.

“ತೆರಕಣಾಂಬಿಯಿಂದ ಬರ್ವಾಗ ಇಷ್ಟು ಕ್ವಾಪ ಇರ್ನಿಲ್ವಲ್ಲ” ಎಂದು ಕಿರಣ್ ಚೆಲುವಯ್ಯನಿಗೆ ಮಾತ್ರ ಕೇಳುವ ಹಾಗೆ ಗೊಣಗಿ, ಹಾವನ್ನು ಬೈಕಿನ ಪೆಟ್ಟಿಗೆಯಲ್ಲಿದ್ದ ಇನ್ನೊಂದು ಚೀಲಕ್ಕೆ ಸೇರಿಸಿದ. ಕೈಯನ್ನು ಸೋಪು ಹಚ್ಚಿ ತೊಳೆದ. ವಿಷ ಇಲ್ಲದ ಹಾವು, ಏನೂ ಆಗುವುದಿಲ್ಲ, ಕೆಲಸ ಶುರು ಮಾಡಿ ಎಂದ.

ಮಹಾಲಕ್ಷ್ಮಮ್ಮ ಏರಿಯ ಮೇಲೆ ಕುಳಿತು ಎಲೆಅಡಿಕೆ ಬಿಚ್ಚಿದಳು.

“ವಸಿ ಒತ್ತು ನೋಡನ” ಎಂದಳು.

“ಏನ್ನ?” ಎಂದ ಕಿರಣ್.

“ನೀನು ಇರ್ತೀಯಾ ಓಯ್ತೀಯಾ ಅಂತ.”

ಹೆಂಗಸರೆಲ್ಲ ಅವಳ ಸುತ್ತ ಕುಳಿತು, ಎಲೆಗೆ ಸುಣ್ಣ ಸವರಿಕೊಳ್ಳುತ್ತ, ಕಿರಣನ ಮುಖ ನೋಡತೊಡಗಿದರು. ಅವನು ಬೆವರೊರೆಸಿಕೊಂಡರೆ ಒಬ್ಬರನ್ನೊಬ್ಬರು ನೋಡಿಕೊಂಡರು. ಆಕಳಿಸಿದರೆ ಒಬ್ಬಳು ಎದ್ದೇ ನಿಂತಳು. ಪುಟ್ಟಮಾದಯ್ಯ ಅವನ ಮನೆಯವರ ನಂಬರು ಕೇಳಿಟ್ಟುಕೊಂಡ. ಚೆಲುವಯ್ಯ ಒಮ್ಮೆ ಕಿರಣನ ಹೆಬ್ಬೆರಳನ್ನೂ ಒಮ್ಮೆ ಸೂರ್ಯನನ್ನೂ ನೋಡುತ್ತ ನಿಂತ. ಚೆಲುವಯ್ಯನ ಹೆಂಡತಿ ಗುರುಮಲ್ಲಮ್ಮ ಮನೆಯಿಂದ ಮಧ್ಯಾಹ್ನದ ಮುದ್ದೆ ತಂದಳು. ಕಿರಣ್ ಎರಡು ಮುದ್ದೆ ನುಂಗಿದ ಮೇಲೆ, ಇವನು ಸಾಯುವ ಪೈಕಿ ಅಲ್ಲ ಎಂದು ಗುಂಪು ಒಪ್ಪಿಕೊಂಡಿತು.

ಚೆಲುವಯ್ಯ ಚೀಲ ಹಂಚಲು ಶುರು ಮಾಡಿದ. ಮಹಾಲಕ್ಷ್ಮಮ್ಮ ಚೀಲ ತೆಗೆದುಕೊಂಡಳು. ಒಂದು ಹೆಜ್ಜೆ ಇಟ್ಟಳು. ನಿಂತಳು.

“ಜೊತೇದೆಲ್ಲಿ?”

ಗುಂಪೂ ನಿಂತಿತು. ಹಾವು ಒಂಟಿಯಾಗಿ ಇರುವುದಿಲ್ಲ, ಒಂದಕ್ಕೆ ಕೈ ಹಾಕಿದರೆ ಇನ್ನೊಂದು ಸೇಡು ಇಟ್ಟುಕೊಳ್ಳುತ್ತದೆ ಎಂಬುದು ಹಂಗಳದಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಚೆಲುವಯ್ಯನಿಗೂ ಗೊತ್ತಿತ್ತು. ತೆರಕಣಾಂಬಿಯ ಬಚ್ಚಲಿನ ಹಾವಿಗೆ ಇಲ್ಲಿ ಜೊತೆ ಇರುವುದು ಸಾಧ್ಯವಿಲ್ಲ ಎಂಬ ನೆಮ್ಮದಿಯಲ್ಲಿ ಅದನ್ನು ಮರೆತಿದ್ದ, ಅಷ್ಟೆ.

“ಇಸ ಇಲ್ದೆ ಇರ್ಬೋದು” ಎಂದಳು ಮಹಾಲಕ್ಷ್ಮಮ್ಮ. “ಕ್ವಾಪ ಇರಲ್ವಾ? ಇವತ್ತು ಗಂಡುನ್ನ ಹಿಡ್ಕೊಟ್ಬುಟ್ಟು ನಾಳಿಕ್ಕೆ ಎಂಡ್ತಿ ಕೈಲಿ ಕಚ್ಚುಸ್ಕಬೇಕಾ?”

ಹಿಡಿದದ್ದು ಹೆಣ್ಣೂ ಇರಬಹುದು ಎಂದ ಪುಟ್ಟಮಾದಯ್ಯ. ಹಾಗಿದ್ದರೆ ಇನ್ನೂ ಕಷ್ಟ ಎಂದಳು ಅವಳು.

ಆಗ ಚೆಲುವಯ್ಯ ಸತ್ಯ ಹೇಳಿದ. ಹೊಂಡದಲ್ಲಿ ಹಾವೇ ಇರಲಿಲ್ಲ, ಬೋರ್ಡು ಸುಳ್ಳು, ಅಟ್ಟಿಸಿಕೊಂಡು ಬಂದದ್ದು ಸುಳ್ಳು, ಚಪ್ಪಲಿ ಸುಳ್ಳು, ಈಗ ಹಿಡಿದದ್ದು ತೆರಕಣಾಂಬಿಯದು ಎಂದು ಮಾನ ಮರ್ಯಾದೆ ಬಿಟ್ಟು ಹೇಳಿದ. ಕಿರಣ್ ತಲೆಯಾಡಿಸಿ ಸಾಕ್ಷಿ ಹೇಳಿದ.

ಮಹಾಲಕ್ಷ್ಮಮ್ಮ ಇಬ್ಬರನ್ನೂ ಕನಿಕರದಿಂದ ನೋಡಿದಳು.

“ಊವ ಕೀಳುಸ್ಕಳಕೆ ಎಂಥೆಂಥ ಸುಳ್ಳು ಏಳ್ತೀಯ ಚೆಲುವಯ್ಯ.”

“ಮಾದಪ್ಪನಾಣೆ ಕಣಕ್ಕ. ಒಂಡದಲ್ಲಿ ಇನ್ನೇನೂ ಇಲ್ಲ.”

“ಇಲ್ದೆ ಇದ್ರೆ ಇಳಿ. ನೀನು ನೀರಲ್ಲಿ ಕೂತಿರು, ನಾವು ಕೀಳ್ತೀವಿ. ನೀನು ಎದ್ರೆ ನಾವೂ ಏಳ್ತೀವಿ.”

ಚೆಲುವಯ್ಯನಿಗೆ ಆ ದಿನದಲ್ಲಿ ಮೊದಲ ಸಲ ನಗು ಬಂತು. ಇಷ್ಟೇ ತಾನೆ. ಅಂಗಿ ಕಳಚಿ ಗುರುಮಲ್ಲಮ್ಮನ ಕೈಗೆ ಕೊಟ್ಟು, ಲುಂಗಿಯ ಸಮೇತ ಇಳಿದು, ಕಲ್ಲು ಜೋಡಿಸಿದ ಅಂಚಿನಲ್ಲಿ ಕತ್ತಿನ ಮಟ್ಟದ ನೀರಿನಲ್ಲಿ ಕುಳಿತ. ನೀರು ತಣ್ಣಗಿತ್ತು. ಹೆಂಗಸರು ಸ್ವಲ್ಪ ಹೊತ್ತು ನೋಡಿದರು. ಒಬ್ಬಳು ಬಗ್ಗಿದಳು, ಇನ್ನೊಬ್ಬಳು ಬಗ್ಗಿದಳು, ಆಮೇಲೆ ಗುಂಪಿಗೆ ಗುಂಪೇ ಸಾಲಿಗೆ ಇಳಿಯಿತು. ಅವರ ಕೈ ಯಂತ್ರದ ಹಾಗೆ ಓಡಿತು. ಚೀಲಗಳು ತುಂಬಿ ಏರಿಯ ಮೇಲೆ ಸಾಲಾಗಿ ನಿಂತವು. ಸುಳ್ಳು ಹೇಳಿ ಕೆಟ್ಟದ್ದನ್ನು ನಿಜ ಹೇಳಿ ರಿಪೇರಿ ಮಾಡಿಕೊಂಡೆನಲ್ಲ ಎಂದು ಚೆಲುವಯ್ಯ ನೀರಿನೊಳಗೆ ಕಾಲು ಚಾಚಿದ. ಟೆಂಪೊದವನು ಫೋನು ಮಾಡಿ, ಇನ್ನೊಂದು ಗಂಟೆಯಲ್ಲಿ ಬರುತ್ತೇನೆಂದು ಹೇಳಿದ್ದನ್ನು ಗುರುಮಲ್ಲಮ್ಮ ದಡದಿಂದಲೇ ಕೂಗಿ ತಿಳಿಸಿದಳು.

ಅಂಗಡಿ ತೆರೆಯಲು ಹೊರಟ ಕಿರಣ್, ತನ್ನ ಚೀಲ ನೆನಪಾಗಿ ಪಂಪ್‌ಸೆಟ್ ಮನೆಗೆ ಹೋದ. ಹೋದವನು ಬೇಗ ಬರಲಿಲ್ಲ. ಬಂದಾಗ ಒದ್ದೆ ಚೀಲವನ್ನು ಮೈಯಿಂದ ದೂರ ಹಿಡಿದುಕೊಂಡಿದ್ದ. ಚೀಲದ ತಳ ನಿಧಾನವಾಗಿ ಅಲ್ಲಾಡುತ್ತಿತ್ತು. ಅವನು ಹೊಂಡದ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಚೆಲುವಯ್ಯನ ಕಿವಿಯ ಹತ್ತಿರಕ್ಕೆ ಬಗ್ಗಿದ.

“ಅಣ್ಣ, ತೆರಕಣಾಂಬಿದು ಚೀಲದಲ್ಲೇ ಅದ. ನೀನು ಬುಟ್ಟೇ ಇಲ್ಲ.”

“ಅಂಗಾರೆ ನೀನು ಹಿಡ್ದದ್ದು?”

“ಈ ಒಂಡದ್ದೇ.”

ಚೆಲುವಯ್ಯ ಚಾಚಿದ್ದ ಕಾಲನ್ನು ಮೆಲ್ಲಗೆ ಮಡಿಚಿಕೊಂಡ.

“ಜೊತೆ ಅನ್ನದೆಲ್ಲ ಸುಳ್ಳು ಅಲ್ವಾ ಕಿರಣಪ್ಪ?”

“ಸುಳ್ಳೇ ಕಣಣ್ಣ. ಜೊತೆ ಗೀತೆ ಏನೂ ಇಲ್ಲ.” ಕಿರಣ್ ನೀರಿನ ಮೇಲೆ ಅತ್ತ ಇತ್ತ ಕಣ್ಣಾಡಿಸಿದ. “ಆದ್ರೆ ಇವು ಮೊಟ್ಟೆ ಇಟ್ರೆ ಮೂವತ್ತು ನಲವತ್ತು ಇಡ್ತವೆ. ಇಸ ಇಲ್ಲ, ಎದ್ರುಕಬೇಡ. ಕಾಲು ಮಾತ್ರ ಅಲ್ಲಾಡುಸ್ಬೇಡ.”

ಚೆಲುವಯ್ಯ ಕಲ್ಲಿನ ಮೇಲೆ ಕೈಯೂರಿದ. ಭುಜ ನೀರಿನಿಂದ ಮೇಲೆ ಬಂದಿತ್ತು, ಅಷ್ಟೆ. ಅತ್ತ ಸಾಲುಗಳ ನಡುವೆ ಓಡುತ್ತಿದ್ದ ಕೈಗಳೆಲ್ಲ ಒಟ್ಟಿಗೆ ನಿಂತವು. ಮಹಾಲಕ್ಷ್ಮಮ್ಮ ಸೊಂಟ ನೆಟ್ಟಗೆ ಮಾಡಿ ಇವನ ಕಡೆ ತಿರುಗಿದಳು. ಇನ್ನೂ ಅರ್ಧ ಹೊಲ ಹಳದಿಯಾಗಿಯೇ ಇತ್ತು.

“ಯಾಕ್ ಚೆಲುವಯ್ಯ, ಏಳ್ತಾ ಇದ್ದೀಯಾ?”

“ಇಲ್ಲ ಕಣಕ್ಕ” ಎಂದು ಚೆಲುವಯ್ಯ ಮತ್ತೆ ಕತ್ತಿನ ಮಟ್ಟಕ್ಕೆ ಇಳಿದ. “ಬೆನ್ನು ಕೆರ್ಕಂಡೆ.”

ಕೈಗಳು ಮತ್ತೆ ಓಡತೊಡಗಿದವು. ಇಂಥ ಧೈರ್ಯವಂತನನ್ನು ತಾನು ನೋಡಿಲ್ಲ, ಇವನು ಹೀಗೆಯೇ ನೀರಿನಲ್ಲಿ ಕುಳಿತಿರುವುದಾದರೆ ಮುಂದಿನ ಸರದಿಗೂ ತಪ್ಪದೆ ಬರುತ್ತೇವೆ ಎಂದು ಮಹಾಲಕ್ಷ್ಮಮ್ಮ ಗುರುಮಲ್ಲಮ್ಮನಿಗೆ ಮಾತು ಕೊಡುತ್ತಿದ್ದುದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಅವನು ಹಲ್ಲು ಕಿರಿದ. ನೀರಿನೊಳಗೆ ಅವನ ಮೊಣಕಾಲಿಗೆ ಏನೋ ಮೃದುವಾಗಿ ಸುತ್ತಿಕೊಂಡಿತು. ಲುಂಗಿಯ ಅಂಚೇ ಇರಬೇಕು. ಹೌದೋ ಅಲ್ಲವೋ ಎಂದು ನೋಡಲು ಚೆಲುವಯ್ಯ ಬಗ್ಗಲಿಲ್ಲ.