ಸೂರ್ಯನ ಕಲೆಗಳು ಮತ್ತು ದಡ್ಡಿಯ ಗಾಗಲ್

ಪ್ರಯೋಗಾಲಯದಲ್ಲಿ ಆಗಬಾರದ್ದು ಆಗುವುದಕ್ಕೆ ಮುಹೂರ್ತ ಬೇಕಾಗಿಲ್ಲ, ನಾನು ಅಲ್ಲಿ ಇದ್ದರೆ ಸಾಕು. ಮೂಡಲಗಿಯಿಂದ ದಿನಾ ಬಸ್ಸಿನಲ್ಲಿ ಗೋಕಾಕಕ್ಕೆ ಬಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ನಾನು ಹುಟ್ಟಾ ಪುಕ್ಕಲ. ಬಸ್ಸು ತಡವಾದರೆ ನೌಕರಿ ಹೋಯಿತು ಅಂದುಕೊಳ್ಳುವವನು. ಇಂಥವನಿಗೆ ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ವರ್ಷ ಸೂರ್ಯನ ಉಸಾಬರಿ ಗಂಟುಬಿತ್ತು.

ದೂರದ ಊರಿನ ಬಾಹ್ಯಾಕಾಶ ಅಧ್ಯಯನ ಕೇಂದ್ರವೊಂದು ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳನ್ನು ಕರೆಸಿ ಕೆಲಸ ಕಲಿಸುತ್ತಿತ್ತು. ಇಂಟರ್ನ್‌ಶಿಪ್ ಅಂತ ಅದರ ಹೆಸರು. ನಮ್ಮ ಕಾಲೇಜಿನಿಂದ ಯಾರೂ ಹೋದವರಿರಲಿಲ್ಲ. ಬರೆದು ಕೇಳಿದ್ದಕ್ಕೆ ಅವರು ಸೂರ್ಯನ ಫೋಟೋಗಳ ಒಂದು ಸಿ.ಡಿ. ಕಳಿಸಿದರು. ಸೂರ್ಯನ ಮೇಲೆ ಕಪ್ಪು ಕಲೆಗಳಿರುತ್ತವಲ್ಲ, ಹುಡುಗರು ಅವಕ್ಕೆ ಒಂದೊಂದಾಗಿ ಗುರುತು ಹಾಕಿ ಕಂಪ್ಯೂಟರಿಗೆ ತೋರಿಸಬೇಕು. ನೋಡಿ ನೋಡಿ ಕಲಿತ ಕಂಪ್ಯೂಟರು ಮುಂದೆ ಹೊಸ ಫೋಟೋದಲ್ಲಿ ತಾನೇ ಕಲೆ ಹುಡುಕಬೇಕು. ಅವರ ವಿಜ್ಞಾನಿ ಬಂದು ನೋಡಿ ಒಪ್ಪಿದರೆ ನಮ್ಮ ಇಬ್ಬರಿಗೆ ಇಂಟರ್ನ್‌ಶಿಪ್, ಇಲ್ಲದಿದ್ದರೆ ಇಲ್ಲ.

ಆ ಇಬ್ಬರೆಂದರೆ ಕಲ್ಲೋಳಿಯ ಒಬ್ಬ ಹುಡುಗ, ದಡ್ಡಿಯ ಒಬ್ಬ ಹುಡುಗಿ. ಹುಡುಗಿಯಂತೂ ಆಗಲೇ ಹಾಸ್ಟೆಲಿನಲ್ಲಿ ಬ್ಯಾಗು ತುಂಬಿ ಇಟ್ಟಿದ್ದಾಳೆಂದು ಕೇಳಿದ ದಿನದಿಂದ ನನಗೆ ಅನ್ನ ಸೇರಲಿಲ್ಲ.

ಗಾಗಲ್

ಮೊದಲು ಬಂದವರು ಹುಡುಗಿಯ ಅಪ್ಪ. ದಡ್ಡಿಯಲ್ಲಿ ಕಿರಾಣಿ ಅಂಗಡಿ ಇಟ್ಟವರು. ಬಂದವರೇ ಕುರ್ಚಿಯಲ್ಲೂ ಕೂಡದೆ ಕೇಳಿದರು.

"ಸರ, ಗ್ರಹಣದಾಗ ನಾವು ಮಕ್ಕಳನ್ನ ಹೊರಗ ಬಿಡೂದಿಲ್ಲ. ನೀವು ನೋಡಿದ್ರ ದಿನಾ ಸೂರ್ಯನ್ನ ನೋಡಾಕ ಹಚ್ಚೀರಂತ?"

"ಕಾಕಾ, ಅದು ಸೂರ್ಯ ಅಲ್ರಿ, ಫೋಟೋ."

"ಫೋಟೋ ಯಾರದ್ರಿ?"

"ಸೂರ್ಯಂದು."

"ಮತ್ತ?"

ನಾನು ಓದಿದ ಭೌತಶಾಸ್ತ್ರವೆಲ್ಲ ಆ "ಮತ್ತ" ಎದುರು ನಿಲ್ಲಲಿಲ್ಲ. ಕೊನೆಗೆ ಅವರೇ ತೀರ್ಮಾನ ಹೇಳಿದರು. "ಆ ದೊಡ್ಡ ಸಾಹೇಬ್ರು ಬರೂ ದಿನ ನಾನೂ ಬರ್ತೇನಿ. ಅವ್ರ ಕಣ್ಣ ನೆಟ್ಟಗ ಇದ್ವು ಅಂದ್ರ ಮಗಳನ್ನ ಕಳಸ್ತೇನಿ." ಹೋಗುವಾಗ ಹುಕ್ಕೇರಿ ಸಂತೆಯಲ್ಲಿ ತಂದ ಕರೀ ಗಾಗಲ್ ಒಂದನ್ನು ಮಗಳ ಕೈಗೆ ಕೊಟ್ಟು, ಇದನ್ನು ಹಾಕಿಕೊಂಡೇ ಕೆಲಸ ಮಾಡಬೇಕೆಂದು ತಾಕೀತು ಮಾಡಿ ಬಸ್ಸು ಹತ್ತಿದರು.

ಮರುದಿನ ಹುಡುಗಿ ಗಾಗಲ್ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತಳು. ಸಂಜೆ ನೋಡುತ್ತೇನೆ, ಒಂದು ಫೋಟೋಕ್ಕೂ ಗುರುತಿಲ್ಲ.

"ಒಂದ ಕರೀ ಚುಕ್ಕಿನೂ ಇಲ್ಲೇನವಾ?" ಅಂದೆ.

"ಇಲ್ರಿ ಸರ. ಇವತ್ತ ಸೂರ್ಯ ಜಳಕಾ ಮಾಡಿ ಬಂದಾನ್ರಿ."

ಫಸ್ಟ್ ಕ್ಲಾಸ್

ಕೈಮುಗಿದು ಗಾಗಲ್ ತೆಗೆಸಿದೆ. ಅಪ್ಪನಿಗೆ ತಿಳಿದರೆ ಏನು ಗತಿ ಎಂಬ ಹೊಸ ಹೆದರಿಕೆ ಹಳೆಯದರ ಜೊತೆ ಸೇರಿಕೊಂಡಿತು. ಮೂರನೆಯ ಹೆದರಿಕೆ ಕರೆಂಟಿನದು. ಅದು ಹೋದಾಗಲೆಲ್ಲ ಕಂಪ್ಯೂಟರು ಅರ್ಧ ಕಲಿತದ್ದನ್ನು ಮರೆತು ಮತ್ತೆ ಮೊದಲಿನಿಂದ ಶುರು ಮಾಡುತ್ತಿತ್ತು.

ನಮ್ಮ ಪ್ರಿನ್ಸಿಪಾಲರು ದಿನಾ ಬಾಗಿಲಲ್ಲಿ ಇಣುಕುತ್ತಿದ್ದರು. "ಕಲೀತೇನ್ರಿ?"

"ಕಲಿಯಾಕತ್ತೈತ್ರಿ ಸರ."

"ನಪಾಸ ಆಗಬಾರ್ದು ನೋಡ್ರಿ. ಮೊದ್ಲ ನಮ್ಮ ಕಾಲೇಜಿನ ರಿಜಲ್ಟ್ ನೆಟ್ಟಗಿಲ್ಲ."

ಒಂದು ದಿನ ಕರೆಂಟು ಕೃಪೆ ಮಾಡಿ ಪಾಠ ಪೂರ್ತಿ ಮುಗಿಯಿತು. ಪರೀಕ್ಷೆ ಮಾಡಿದರೆ ಕಂಪ್ಯೂಟರು ಹೇಳಿದ್ದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಸರಿ, ಉಳಿದದ್ದೆಲ್ಲ ತಪ್ಪು. ಇಷ್ಟಕ್ಕೆ ಆ ವಿಜ್ಞಾನಿ ಒಪ್ಪುವುದಿಲ್ಲ. ಸತ್ತ ದನಿಯಲ್ಲಿ ಪ್ರಿನ್ಸಿಪಾಲರಿಗೆ ಹೇಳಿದೆ. "ಸರ, ನೂರಕ್ಕ ಅರವತ್ತ ಅಷ್ಟಽ ಬರಾಕತ್ತೈತ್ರಿ."

ಅವರ ಮುಖ ಅರಳಿತು. "ಅರವತ್ತ! ಫಸ್ಟ್ ಕ್ಲಾಸ್ ಬಂತಲ್ರಿ! ಇನ್ನ ಯಾಕ ಅದಕ್ಕ ತ್ರಾಸ ಕೊಡ್ತೀರಿ? ಬಂದ್ ಮಾಡ್ರಿ, ಪಾಪ ಅದೂ ದಣದಿರತೈತಿ."

ನಿಂತ ಕಲೆ

ಯಾಕೆ ಇಷ್ಟು ತಪ್ಪಾಗುತ್ತಿದೆ ಎಂದು ಹುಡುಗಿ ಹಾಕಿದ ಗುರುತುಗಳನ್ನೆಲ್ಲ ಮತ್ತೆ ನೋಡುತ್ತ ಕೂತೆ. ಸೂರ್ಯ ತನ್ನ ಸುತ್ತ ತಾನು ತಿರುಗುತ್ತಾನೆ, ಹೀಗಾಗಿ ಅವನ ಕಲೆಗಳು ದಿನ ಕಳೆದಂತೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿಯಬೇಕು. ಎಲ್ಲವೂ ಸರಿಯುತ್ತಿದ್ದವು. ಒಂದು ಮಾತ್ರ ಇಲ್ಲ. ಮೇಲೆ ನಟ್ಟನಡುವೆ ಒಂದು ದಪ್ಪ ಕಲೆ ಜನವರಿ ಫೋಟೋದಲ್ಲೂ ಅಲ್ಲೇ, ಡಿಸೆಂಬರ್ ಫೋಟೋದಲ್ಲೂ ಅಲ್ಲೇ. ಪರದೆಯ ಮೇಲೆ ಕಣ್ಣಾರೆ ನೋಡಿದೆ, ಖರೆ ಇತ್ತು.

ಓಡಿಹೋಗಿ ಎಸ್.ಟಿ.ಡಿ. ಬೂತಿನಿಂದ ವಿಜ್ಞಾನಿಗೆ ಫೋನ್ ಮಾಡಿದೆ.

"ಸರಿಯದೇ ಇರೋ ಕಲೆನಾ? ಸಾಧ್ಯಾನೇ ಇಲ್ವಲ್ಲ!" ಅಂದರು ಅವರು. "ನಾಳಿದ್ದೇ ಬರ್ತೀನಿ. ಏನನ್ನೂ ಮುಟ್ಟಬೇಡಿ."

ಆ ಕಲೆಗೆ ಗೋಕಾಕದ ಹೆಸರಿಡಬೇಕೋ ನನ್ನ ಹೆಸರೋ ಎಂದು ದಾರಿಯುದ್ದಕ್ಕೂ ಚಿಂತೆ ಮಾಡುತ್ತ ವಾಪಸು ಬಂದೆ. ಹುಡುಗರಿಗೆ ಸುದ್ದಿ ಹೇಳಿದೆ. ದೊಡ್ಡವರು ಬರುತ್ತಾರೆಂದ ಕೂಡಲೇ ಹುಡುಗಿ ಓಢಣಿಯ ತುದಿಯಿಂದ ಪರದೆಯ ಧೂಳು ಒರೆಸಿದಳು.

"ಸರ," ಅಂದಳು, "ಚುಕ್ಕಿ ಹೋತ್ರಿ."

"ಎಲ್ಲಿ ಹೋತು?"

ಓಢಣಿ ತೋರಿಸಿದಳು. ಕೆಂಪಗಿತ್ತು.

ಕಲ್ಲೋಳಿಯವನು ತಲೆ ಕೆರೆದುಕೊಂಡ. "ಕುಂಕುಮ್ರಿ ಸರ. ಕಂಪ್ಯೂಟರಕ್ಕ ಲಗೂನ ವಿದ್ಯೆ ಹತ್ತಲಿ ಅಂತ ದಿನಾ ಮುಂಜಾನೆ ನಾನಽ ಹಚ್ತಿದ್ನಿ."

ಹಿಂದಿನಿಂದ ಬೆಳಕು ಬಿದ್ದರೆ ಕೆಂಪು ಕುಂಕುಮವೂ ಕಪ್ಪಾಗಿಯೇ ಕಾಣುತ್ತದೆ. ನಾನು ತಲೆ ಚಚ್ಚಿಕೊಂಡೆ. "ಹಚ್ಚಿದ್ರ ಹಚ್ಚು, ಕಾಜಿನ ಮ್ಯಾಲ ಯಾಕ ಹಚ್ಚಿದ್ಯೋ?"

"ಮತ್ತ ಅದಕ್ಕ ಹಣಿ ಎಲ್ಲೈತ್ರಿ ಸರ?"

ಬೋಳು ಹಣೆ

ಸುಳ್ಳು ಗುರುತು ಅಳಿಸಿ ಮತ್ತೆ ಕಲಿಸೋಣವೆಂದರೆ ಎರಡು ದಿನವೂ ಕರೆಂಟು ಕೈಕೊಟ್ಟಿತು. ವಿಜ್ಞಾನಿ ಬಂದೇಬಿಟ್ಟರು. ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದೆ, ಅವರನ್ನು ಕಂಡದ್ದೇ ಎಲ್ಲ ಮರೆತುಹೋಯಿತು. ಹುಡುಗಿಯೇ ಮುಂದೆ ಬಂದಳು.

"ಸರ್, ಆ ಚುಕ್ಕಿ ಸೂರ್ಯಂದಲ್ರಿ. ಕುಂಕುಮ. ನಾವು ಅದನ್ನೂ ಕಲಿಸಿಬಿಟ್ಟೇವ್ರಿ."

ವಿಜ್ಞಾನಿ ಕಂಪ್ಯೂಟರಿನ ಮುಂದೆ ಕೂತರು. ತಾವು ತಂದ ಹೊಸ ಫೋಟೋ ಹಾಕಿದರು. ಕಂಪ್ಯೂಟರು ಒಂದು ಕಲೆ ಹುಡುಕಿತು, ಸರಿ. ಇನ್ನೊಂದು, ಅದೂ ಸರಿ. ನಾನು ಉಸಿರು ಬಿಡುವಷ್ಟರಲ್ಲಿ ಮೇಲೆ ನಟ್ಟನಡುವೆ ಏನೂ ಇಲ್ಲದ ಕಡೆ ಒಂದು ಬೊಟ್ಟು ಇಟ್ಟಿತು. ವಿಜ್ಞಾನಿ ಒಂದೂ ಕಲೆ ಇಲ್ಲದ ಸೂರ್ಯನ ಫೋಟೋ ಹಾಕಿದರು. ಅದು ಸ್ವಲ್ಪ ಹೊತ್ತು ಗುರ್ರೆಂದು ಯೋಚಿಸಿ ಅಲ್ಲೂ ಅದೇ ಜಾಗದಲ್ಲಿ ಬೊಟ್ಟು ಇಟ್ಟಿತು.

ಹಿಂದೆ ನಿಂತಿದ್ದ ಪ್ರಿನ್ಸಿಪಾಲರು ಸಮಾಧಾನದಿಂದ ಹೇಳಿದರು. "ಹಣಿ ಬೋಳ ಇರಬಾರ್ದಲ್ರಿ, ಸಾಹೇಬ್ರ."

ವಿಜ್ಞಾನಿ ನಗತೊಡಗಿದರು. ಚಸ್ಮಾ ತೆಗೆದು ಕಣ್ಣೀರು ಒರೆಸಿಕೊಳ್ಳುವಷ್ಟು ನಕ್ಕರು. "ಯಂತ್ರ ನಾವು ತೋರಿಸಿದ್ದನ್ನೇ ಕಲಿಯುತ್ತೆ. ಇಷ್ಟನ್ನ ಹುಡುಗರ ತಲೆಗೆ ತುಂಬೋದಕ್ಕೆ ನನಗೆ ಅರ್ಧ ಬೇಸಿಗೆ ಹಿಡಿಯುತ್ತೆ. ಇವರಿಬ್ಬರು ಇಲ್ಲೇ ಕಲಿತುಬಿಟ್ಟಿದ್ದಾರೆ. ಕಳಿಸಿಕೊಡಿ."

ಅಪ್ಪ

ನನ್ನ ಸಂತೋಷ ಬಾಗಿಲ ತನಕ ಉಳಿಯಿತು. ಅಲ್ಲಿ ವಿಜ್ಞಾನಿ ಚಸ್ಮಾ ಮತ್ತೆ ಏರಿಸಿಕೊಂಡರು. ಗಡಿಬಿಡಿಯಲ್ಲಿ ನಾನು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಸೋಡಾ ಬಾಟಲಿಯ ತಳದಷ್ಟು ದಪ್ಪ ಗಾಜು. ಹೊರಗೆ ಕಟ್ಟೆಯ ಮೇಲೆ ದಡ್ಡಿಯ ಅಪ್ಪ ಕೂತಿದ್ದರು.

"ಸರ್, ಒಂದೇ ನಿಮಿಷ ಚಸ್ಮಾ ತೆಗೀತೀರಾ?" ಎಂದು ಪಿಸುಗುಟ್ಟಿದೆ.

"ತೆಗೆದರೆ ಮೆಟ್ಟಿಲು ಕಾಣಲ್ಲ ಕಣ್ರೀ," ಎಂದರು ಅವರು ಗಟ್ಟಿಯಾಗಿ.

ಅಪ್ಪ ಎದ್ದು ಬಂದು ಆ ಚಸ್ಮಾವನ್ನು ಬಹಳ ಹೊತ್ತು ನೋಡಿದರು. "ಸಾಹೇಬ್ರ, ಸೂರ್ಯನ್ನ ನೋಡಾಕ ಹತ್ತಿ ಎಷ್ಟ ವರ್ಷ ಆತ್ರಿ?"

"ಇಪ್ಪತ್ತೈದು ವರ್ಷ!" ಅಂದರು ವಿಜ್ಞಾನಿ, ಹೆಮ್ಮೆಯಿಂದ.

ಅಪ್ಪ ತಿರುಗಿ ನನ್ನನ್ನು ನೋಡಿದರು. ಹುಡುಗಿಯ ಕಣ್ಣು ತುಂಬಿ ಬಂದವು. ನಾನು ಅಡ್ಡಬಂದು, "ಸರ್, ಚಸ್ಮಾ ಸಣ್ಣವ್ರ ಇದ್ದಾಗಿಂದಽ ಬಂದದ್ದಲ್ಲೇನ್ರಿ?" ಎಂದು ಅಂಗಲಾಚಿದೆ.

"ಹೌದು, ಮೂರನೇ ಕ್ಲಾಸಿಂದಾನೂ ಇದೆ."

"ಆವಾಗ ಬಿಸಲಾಗ ಗಾಗಲ್ ಹಾಕತಿದ್ರೇನ್ರಿ?" ಅಂದರು ಅಪ್ಪ.

"ಇಲ್ಲ."

"ನೋಡ್ರಿ ಮತ್ತ."

ಹುಡುಗಿ ಅಷ್ಟರಲ್ಲಿ ಬ್ಯಾಗಿನಿಂದ ಗಾಗಲ್ ತೆಗೆದು ಹಾಕಿಕೊಂಡಿದ್ದಳು. ಅದರ ಕೆಳಗಿಂದ ಕಣ್ಣೀರು ಇಳಿಯುತ್ತಿತ್ತು. "ಅಪ್ಪಾ, ಅಲ್ಲಿ ಇರೂತನಕ ತಗಿಯೂದಿಲ್ಲ. ನಿನ್ನಾಣೆ."

ಅಪ್ಪ ಮಗಳ ಹತ್ತಿರ ಬಂದರು. ಆಮೇಲೆ ಗಾಗಲ್ಲನ್ನು ಮಗಳ ಮೂಗಿನ ಮೇಲೆ ನೆಟ್ಟಗೆ ಕೂರಿಸಿ, "ಹೋಗಿ ಬಾ" ಅಂದರು.

ಬೇಸಿಗೆ ಮುಗಿದ ಮೇಲೆ ಒಂದು ದಿನ ಅವರೇ ಕಾಲೇಜಿಗೆ ಬಂದು ನನ್ನ ಮೇಜಿನ ಮೇಲೆ ಒಂದು ಫೋಟೋ ಇಟ್ಟರು. ಇಂಟರ್ನ್‌ಶಿಪ್ ಮುಗಿಸಿದವರನ್ನೆಲ್ಲ ಕೇಂದ್ರದ ಅಂಗಳದಲ್ಲಿ, ಎದುರು ಬಿಸಿಲಿಗೆ ಮುಖ ಮಾಡಿ ನಿಲ್ಲಿಸಿ ತೆಗೆದದ್ದು. ಬಿಸಿಲು ತಡೆಯಲಾಗದೆ ಎಲ್ಲರೂ ಕಣ್ಣು ಬಿಗಿಯಾಗಿ ಮುಚ್ಚಿದ್ದರು. ವಿಜ್ಞಾನಿ ಮುಚ್ಚಿದ್ದರು, ನಮ್ಮ ಕಲ್ಲೋಳಿಯವನೂ ಮುಚ್ಚಿದ್ದ. ನಡುವೆ ದಡ್ಡಿಯ ಹುಡುಗಿಯೊಬ್ಬಳೇ ಕರೀ ಗಾಗಲ್ ಹಾಕಿಕೊಂಡು ತಲೆಯೆತ್ತಿ ನಗುತ್ತಿದ್ದಳು.

ಅಪ್ಪ ಒಂದೊಂದು ಮುಖದ ಮೇಲೂ ಬೆರಳಿಟ್ಟು ತೋರಿಸಿದರು.

"ನಾ ಅವತ್ತಽ ಹೇಳಿದ್ನಿಲ್ಲೋ ಸರ? ನೋಡ್ರಿ, ಪಾಪ, ಉಳದವ್ರದೆಲ್ಲಾ ಕಣ್ಣ ಹ್ವಾದುವು."