ಆವಿಸ್ ಇಟ್ಟ ಕೊನೆಯ ಡಬ್ಬಿ

ಮನೆಯಲ್ಲಿ ಟೀ ಪುಡಿ ಮುಗಿಯದೆ ಇದ್ದಿದ್ದರೆ, ಡೆನ್ಜಿಲ್ ಗ್ಯಾರಡ್ ಆ ಶನಿವಾರ ಸೊಂಟದ ಮಟ್ಟ ಕೆಸರಲ್ಲಿ ನಿಲ್ಲುವ ಪ್ರಸಂಗವೇ ಬರುತ್ತಿರಲಿಲ್ಲ. ಹೆಂಡತಿ ಆವಿಸ್ ತೀರಿಕೊಂಡು ಐದು ತಿಂಗಳಾಗಿತ್ತು. ಟೀ ಡಬ್ಬಿಯ ತಳ ಕೆರೆಯುವಾಗ ಚಮಚಕ್ಕೆ ಒಂದು ಚೀಟಿ ತಗುಲಿತು. ಅವಳದೇ ದುಂಡು ಅಕ್ಷರ.

ಬಿಡಿಸುವಷ್ಟರಲ್ಲಿ ಅಡುಗೆಮನೆ ಬಾಗಿಲಲ್ಲಿ ಥರ್ಲೋ ನಿಂತಿದ್ದ. ಚರ್ಚಿನ ಬೀಗದ ಕೈ ಅವನ ಸೊಂಟದಲ್ಲಿ, ಊರವರ ಗುಟ್ಟೆಲ್ಲ ಅವನ ಹೊಟ್ಟೆಯಲ್ಲಿ. ಯಾರಿಗೆ ಕಾಗದ ಬಂದರೂ ಅವರಿಗಿಂತ ಮೊದಲು ಓದುವುದು ಅವನು ನಲವತ್ತು ವರ್ಷದಿಂದ ನಡೆಸಿಕೊಂಡು ಬಂದ ಸೇವೆ. ಡೆನ್ಜಿಲನ ಹೆಗಲ ಮೇಲಿಂದ ಬಗ್ಗಿ ಅವನೇ ಗಟ್ಟಿಯಾಗಿ ಓದಿದ.

"'ಡೆನ್ಜಿಲ್, ನಿನ್ನನ್ನ ಒಂದು ಮಾತು ಕೇಳಬೇಕು. ಬಾಯಲ್ಲಿ ಕೇಳಿದ್ರೆ ಪೇಪರಿನ ಹಿಂದಿನಿಂದ ಹೂಂ ಅಂತೀಯ. ಅದಕ್ಕೇ ಬರೆದಿಟ್ಟಿದೀನಿ. ನನ್ನ ಡಬ್ಬಿ ದಾರೀಲಿ ಕೊನೇ ತನಕ ನಡಿ. ಒಬ್ಬನೇ ಹೋಗು. ಗಂಬೂಟು ಹಾಕ್ಕೋ.' ಒಬ್ಬನೇ ಅಂದ್ರೆ ಚರ್ಚಿನ ಬೀಗ ಯಾರಯ್ಯ ತೆಗೀತಾರೆ? ನಡಿ, ಬರ್ತೀನಿ."

ಅದು ಆವಿಸಳ ಆಟ. ಸುತ್ತಲಿನ ಹಳೇ ಚರ್ಚು, ಜಮೀನ್ದಾರಿ ಬಂಗಲೆಗಳನ್ನು ಸುತ್ತಿ ಅಲ್ಲಲ್ಲಿ ಫೋನು ಹೇಳಿದ್ದನ್ನು ಎಣಿಸಿ ಆ ಅಂಕಿಗಳನ್ನು ಅದಕ್ಕೆ ಕೊಟ್ಟರೆ, ಬಚ್ಚಿಟ್ಟ ಡಬ್ಬಿಯ ಕಡೆಗೆ ಅದು ಬಾಣ ತೋರಿಸುತ್ತದೆ. ಸಿಕ್ಕವರು ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಇದ್ದಲ್ಲೇ ಇಡಬೇಕು. ಎಲ್ಲೆಲ್ಲಿಂದಲೋ ಜನ ಬಂದು ಹುಡುಕಿದ್ದರು. ಡೆನ್ಜಿಲ್ ಮಾತ್ರ ಅದನ್ನು ಮುದುಕಿಯರ ಕಣ್ಣಾಮುಚ್ಚಾಲೆ ಎಂದು ಬಿಟ್ಟಿದ್ದ. ಈಗ ಚೀಟಿಯನ್ನು ಇನ್ನೊಮ್ಮೆ ಓದಿದ. ನಲವತ್ತೊಂದು ವರ್ಷ ಜೊತೆಗಿದ್ದವಳು ಕೇಳದೆ ಉಳಿಸಿಕೊಂಡ ಮಾತು ಯಾವುದು?

ಗಂಬೂಟು ಇರಲಿಲ್ಲ. ಮಣ್ಣು ಮಾಡಿದ ಮರುವಾರವೇ ಅವಳ ಕೋಟುಗಳ ಜೊತೆ ತನ್ನ ಗಂಬೂಟುಗಳನ್ನೂ ಚರ್ಚಿನ ಹಳೇ ಸಾಮಾನು ಮಾರಾಟಕ್ಕೆ ಕೊಟ್ಟಿದ್ದ.

"ನನ್ನ ಕಾಲಲ್ಲಿವೆ ನೋಡು," ಎಂದ ಥರ್ಲೋ. "ಎಡಗಡೇದು ಹೆಬ್ಬೆಟ್ಟಿಗೆ ಒತ್ತುತಿತ್ತು. ಸರಿ ಮಾಡ್ಕೊಂಡೆ. ಈಗ ಬೆಣ್ಣೆ."

ಡೆನ್ಜಿಲ್ ಭಾನುವಾರ ಚರ್ಚಿಗೆ ಹಾಕುವ ಶೂ ಹಾಕಿಕೊಂಡು ಹೊರಟ.

ಊರ ಚರ್ಚಿನಲ್ಲಿ ಎಣಿಸಬೇಕಾದ್ದು ಗೋಪುರದ ಗಂಟೆ. "ಐದು," ಎಂದ ಥರ್ಲೋ.

ಹಿತ್ತಾಳೆ ಹೂದಾನಿ ಉಜ್ಜುತ್ತಿದ್ದ ಆಲಿವ್ ಕ್ಯಾಚ್‌ಪೋಲ್ ತಲೆ ಎತ್ತಿದಳು. "ಆರು. ಬಿರುಕು ಬಿಟ್ಟಿದ್ದು ಮೂಲೇಲಿ ಕೂತಿದೆಯಲ್ಲ."

"ಬಾರಿಸದ್ದು ಗಂಟೆ ಅಲ್ಲ."

"ಹಾಗಾದ್ರೆ ಹಾಡೋಕೆ ಬರದ ನೀನು ಮೂವತ್ತು ವರ್ಷದಿಂದ ಹಾಡುವವರ ಸಾಲಲ್ಲಿ ಹ್ಯಾಗಿದೀಯಾ?"

ಬೀಗದ ಕೈ ಇದ್ದವನ ಮಾತು ಮೇಲೆಂದು ಡೆನ್ಜಿಲ್ ಐದು ಎಂದೇ ಬರೆದುಕೊಂಡ. ಆಲಿವ್ ಒರೆಸುವ ಬಟ್ಟೆ ಕೆಳಗಿಟ್ಟು ತಾನೂ ಹೊರಟಳು, ಸಾಕ್ಷಿಗೆ.

ಪಕ್ಕದೂರಿನ ಚರ್ಚಿನಲ್ಲಿ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವ ತೊಟ್ಟಿಗೆ ಎಂಟು ಬದಿ. ಬಂಗಲೆಗೆ ಹನ್ನೊಂದು ಚಿಮಣಿ. ಅಂಕಿಗಳನ್ನು ಕೊಟ್ಟಾಗ ಬಾಣ ಬಂಗಲೆಯ ಸುತ್ತಲಿನ ಕಂದಕದ ನಡುವಿಗೇ ತಿರುಗಿತು.

"ನೀರಲ್ಲಿ ಇಟ್ಟಿದಾಳಾ?" ಡೆನ್ಜಿಲ್ ಕೇಳಿದ.

"ನಿನ್ನ ಪರೀಕ್ಷೆ ಮಾಡ್ತಿದಾಳೆ, ಇಳಿ," ಎಂದ ಥರ್ಲೋ, ದಡದ ಮೇಲೆ ಒದ್ದೆಯಾಗದ ಬೂಟಲ್ಲಿ ನಿಂತು.

ಡೆನ್ಜಿಲ್ ಇಳಿದ. ಚಳಿ ಬಿಡದ ಮಾರ್ಚಿನ ನೀರು ಮೊಣಕಾಲಿಗೆ ಸೂಜಿಯಂತೆ, ಸೊಂಟಕ್ಕೆ ಗರಗಸದಂತೆ ತಾಗಿತು. ಹಂಸವೊಂದು, ತೀರ್ಪು ಮೊದಲೇ ಬರೆದಿಟ್ಟುಕೊಂಡ ನ್ಯಾಯಾಧೀಶನ ಹಾಗೆ ಅವನನ್ನು ನೋಡುತ್ತ ಹೋಯಿತು. ಅರ್ಧ ಗಂಟೆ ಕೆಸರು ತಡಕಿ, ಒಂದು ಶೂ ಕಳಕೊಂಡು ಅವನು ಮೇಲೆ ಬಂದ.

"ನಾನು ಆರು ಅಂದಿದ್ದೆ," ಎಂದಳು ಆಲಿವ್.

ಆರು ಎಂದು ತಿದ್ದಿದ ಮೇಲೆ ಬಾಣ ಅವರನ್ನು ಬೆಳಿಗ್ಗೆ ಹೊರಟ ಚರ್ಚಿಗೇ ಕರೆತಂದಿತು. ಹಿತ್ತಲ ಮುದಿ ಯೂ ಮರದ ಪೊಟರೆ. ಅಲ್ಲಿಂದ ಹತ್ತು ಹೆಜ್ಜೆಗೆ ಆವಿಸಳ ಸಮಾಧಿ. ಪ್ರತಿ ಭಾನುವಾರ ಡೆನ್ಜಿಲ್ ಆ ಮರಕ್ಕೆ ಬೆನ್ನು ಮಾಡಿ ನಿಲ್ಲುತ್ತಿದ್ದ.

ಡಬ್ಬಿಯೊಳಗೆ ಪುಸ್ತಕ, ಪೆನ್ಸಿಲ್, ಒಂದು ಚೀಟಿ. ಈ ಸಲ ಅವನೇ ಓದಿದ, ಮೆಲ್ಲಗೆ.

"'ಬಂದೆಯಲ್ಲ. ಕೇಳಬೇಕಾದ್ದನ್ನ ಇಲ್ಲಿ ಇಟ್ಟಿದ್ರೆ ಕಂಡೋರೆಲ್ಲ ಓದ್ತಿದ್ರು. ಅದಕ್ಕೆ ನಿನ್ನ ಎಡಗಾಲಿನ ಗಂಬೂಟಿನ ತುದೀಲಿ ತುರುಕಿದ್ದೆ. ಬೆಳಿಗ್ಗೆ ಕಾಲು ಹಾಕಿದಾಗ್ಲೇ ಸಿಕ್ಕಿರುತ್ತೆ. ದಾರಿಯುದ್ದಕ್ಕೂ ಯೋಚನೆ ಮಾಡಿರ್ತೀಯ. ಈಗ ಉತ್ತರ ಪುಸ್ತಕದಲ್ಲಿ ಬರಿ. ಎಲ್ಲಿದ್ರೂ ಓದ್ಕೋತೀನಿ.'"

ಮೂವರೂ ಗಂಬೂಟನ್ನು ನೋಡಿದರು. ಥರ್ಲೋ ಎಡಗಾಲನ್ನು ಬಲಗಾಲಿನ ಹಿಂದೆ ಸರಿಸಿದ.

"ಅದರಲ್ಲಿದ್ದ ಕಾಗದ?"

"ಒಲೆಗೆ ಹಾಕ್ದೆ."

"ಓದಿದೀಯಲ್ಲ?" ಡೆನ್ಜಿಲನ ದನಿಯಲ್ಲಿ ಬೇಡಿಕೆ ಇತ್ತು. "ಒಂದು ಸಾಲಾದ್ರೂ?"

"ಇಲ್ಲ ಕಣೋ."

"ಊರಿನ ಕಾಗದ ಎಲ್ಲಾ ಓದಿದೋನು," ಎಂದಳು ಆಲಿವ್, "ಅದೊಂದನ್ನ ಓದಲಿಲ್ವಾ?"

"ಇವನ ಬೂಟಿಂದ ಬಂದಿದ್ದು ಆಲಿವ್. ಮೂಗು ಹಿಡ್ಕೊಂಡೆ, ಜೊತೆಗೆ ಕಣ್ಣೂ ಮುಚ್ಚಿಹೋಯ್ತು."

ಯಾರೂ ನಗಲಿಲ್ಲ. ಆಲಿವ್ ಥರ್ಲೋನ ತೋಳು ಹಿಡಿದು ಗೇಟಿನ ಕಡೆ ಎಳೆದುಕೊಂಡು ಹೋದಳು.

ಡೆನ್ಜಿಲ್ ಮರದ ಬುಡದಲ್ಲಿ ಕೂತ. ಒಂದು ಕಾಲಲ್ಲಿ ಶೂ, ಇನ್ನೊಂದರಲ್ಲಿ ನೆಂದ ಕಾಲುಚೀಲ. ಸುಖವಾಗಿದ್ದೆಯಾ ಎಂದು ಕೇಳಿದ್ದಳೋ, ಕ್ಷಮಿಸಿದೆಯಾ ಎಂದೋ, ಬೆಕ್ಕಿಗೆ ಹೊತ್ತಿಗೆ ಸರಿಯಾಗಿ ಊಟ ಹಾಕ್ತೀಯಾ ಎಂದೋ. ಪುಸ್ತಕದಲ್ಲಿ ಒಂದು ಖಾಲಿ ಹಾಳೆ ತೆರೆದ. ಕೊನೆಗೆ ಪೆನ್ಸಿಲ್ ತುದಿ ನಾಲಗೆಗೆ ಒತ್ತಿ, ಅವಳು ಏನು ಕೇಳಿದಳೆಂದು ತಿಳಿಯದೆಯೇ ನಲವತ್ತೊಂದು ವರ್ಷ ಕೊಟ್ಟ ಉತ್ತರವನ್ನೇ ದುಂಡಗೆ ಬರೆದ.

"ಹೂಂ."