ನಮ್ಮತ್ತೆ ಎವೆ ಕಲಿತದ್ದು

ನಮ್ಮ ಸೋದರತ್ತೆಗೆ ಏಳು ಭಾಷೆ ಬರುತ್ತವೆ. ಆರರಲ್ಲಿ ಸೊಗಸಾಗಿ ಜಗಳವಾಡುತ್ತಾರೆ. ಏಳನೆಯದರಲ್ಲಿ ಮಾತ್ರ ಕುಶಲ ವಿಚಾರಿಸುವುದು, ಥ್ಯಾಂಕ್ಸ್ ಹೇಳುವುದು ಬಿಟ್ಟರೆ ಹೆಚ್ಚೇನೂ ಬರುವುದಿಲ್ಲ. ಆದರೆ ನನ್ನ ಮಾನ ಹರಾಜಾದದ್ದೆಲ್ಲ ಆ ಏಳನೆಯ ಭಾಷೆಯಿಂದಲೇ. ಜಗಳದಲ್ಲಿ ಹೋದ ಮಾನ ಹೇಗೋ ವಾಪಸ್ ಬರುತ್ತದೆ. ಥ್ಯಾಂಕ್ಸ್ ಹೇಳಿ ಕಳೆದ ಮಾನಕ್ಕೆ ಏನು ಮಾಡೋಣ, ನೀವೇ ಹೇಳಿ.

ಆ ಭಾಷೆಯ ಹೆಸರು ಎವೆ. ಕೇಳಿಲ್ಲವೆ? ಸಂಕೋಚ ಬೇಡ, ನಾನೂ ಕೇಳಿರಲಿಲ್ಲ. ಪಶ್ಚಿಮ ಆಫ್ರಿಕದಲ್ಲಿ ಘಾನಾ ದೇಶದ ಪೂರ್ವ ಭಾಗದಲ್ಲೂ ಪಕ್ಕದ ಟೋಗೋದಲ್ಲೂ ಆಡುವ ಭಾಷೆ. ಸಿಯಾಟಲ್ ಸುತ್ತಮುತ್ತ ಅದನ್ನು ಕಲಿಯುತ್ತಿರುವ, ಮೈಸೂರು ಕಡೆಯ, ಎಪ್ಪತ್ತರ ಹತ್ತಿರದ, ಮಂಡಿನೋವಿನ ಹೆಂಗಸು ನಮ್ಮತ್ತೆ ಒಬ್ಬರೇ ಎಂದು ಯಾವ ದೇವರ ಮುಂದೆ ಬೇಕಾದರೂ ಪ್ರಮಾಣ ಮಾಡಬಲ್ಲೆ. ಬೇರೆಯವರ ಅತ್ತೆ, ಚಿಕ್ಕಮ್ಮಂದಿರು ಯೋಗ ಕಲಿಯುತ್ತಾರೆ, ಶ್ಲೋಕ ಕಲಿಯುತ್ತಾರೆ, ಹೆಚ್ಚೆಂದರೆ ಕೇಕ್ ಮಾಡಲು ಕಲಿಯುತ್ತಾರೆ. "ನಿಮ್ಮತ್ತೆ ಏನ್ಮಾಡ್ತಿದಾರೆ ಈಗ?" ಎಂದು ಯಾರಾದರೂ ಕೇಳಿದರೆ ನಾನು "ರಿಟೈರ್ಡ್ ಲೈಫು, ಆರಾಮಾಗಿದಾರೆ" ಎಂದು ಮಾತು ಮರೆಸುತ್ತಿದ್ದೆ.

ಇದು ಶುರುವಾದದ್ದು ಹೀಗೆ. ಅತ್ತೆಯ ಮನೆ ಸಿಯಾಟಲ್ ಹತ್ತಿರದ ಕ್ರಾಸ್‌ರೋಡ್ಸ್ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನಲ್ಲಿದೆ. ವಿಮಾನದ ಕಂಪನಿಯಲ್ಲಿ ಎಂಜಿನಿಯರಾಗಿದ್ದ ಮಾವ ತೀರಿಕೊಂಡಾಗ ನಾವೆಲ್ಲ ಓಡಿ ಬಂದೆವು. ಡಬ್ಬಿಗಟ್ಟಲೆ ಊಟ ತಂದೆವು, ಫೋನಿನ ಮೇಲೆ ಫೋನು ಮಾಡಿದೆವು. ಕರ್ಮಾಂತರ ಮುಗಿಯಿತು, ಎಲ್ಲರಿಗೂ ಮೀಟಿಂಗ್‌ಗಳಿದ್ದವು, ಹೊರಟೆವು. ಬರುವುದನ್ನು ಬಿಡದಿದ್ದವರು ಎದುರು ಮನೆಯ ಅಜ್ಜಿ ಒಬ್ಬರೇ. ಘಾನಾದಿಂದ ಮಗನ ಮನೆಗೆ ಬಂದಿದ್ದ ಎವೆ ಅಜ್ಜಿ. ಆಕೆಗೆ ಇಂಗ್ಲಿಷ್ ಬಾರದು, ಅತ್ತೆಗೆ ಎವೆ ಬಾರದು. ದಿನಾ ಬೆಳಗ್ಗೆ ಬಂದು, ಬಾಗಿಲಲ್ಲಿ ನಿಂತು ತಮ್ಮ ಭಾಷೆಯಲ್ಲಿ ಉದ್ದಕ್ಕೆ ಏನೋ ವಿಚಾರಿಸಿ, ಒಳಗೆ ಬಂದು ಸೋಫಾದ ಮೇಲೆ ಕೂರುತ್ತಿದ್ದರು. ಬೆಳ್ಳುಳ್ಳಿ ಕಂಡರೆ ಸುಲಿದಿಡುತ್ತಿದ್ದರು. ಅತ್ತೆ ಕಣ್ಣೀರು ಹಾಕಿದರೆ ಸಮಾಧಾನ ಮಾಡಲು ಹೋಗದೆ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಒಂದಿಡೀ ಚಳಿಗಾಲ ಹೀಗೆ ಕಳೆಯಿತು. ಮುಂದೆ ಮಾವನ ವರ್ಷಾಬ್ದಿಕಕ್ಕೆಂದು ಅತ್ತೆ ಮೈಸೂರಿಗೆ ಹೋಗಿ ಬರುವಷ್ಟರಲ್ಲಿ ಅಜ್ಜಿಯನ್ನು ಊರಿಗೆ ಕಳಿಸಿಬಿಟ್ಟಿದ್ದರು. ಅತ್ತೆ ಆಕೆಗೆ ಥ್ಯಾಂಕ್ಸಿನ ಒಂದು ಮಾತೂ ಹೇಳಿರಲಿಲ್ಲ.

"ಮಗನ ಕೈಲಿ ಹೇಳಿಸಿದ್ರಾಯ್ತಲ್ಲ ಅತ್ತೆ, ಅವರಿಗೆ ಇಂಗ್ಲಿಷ್ ಬರತ್ತೆ" ಎಂದೆ ನಾನು.

"ಥ್ಯಾಂಕ್ಸನ್ನ ಇನ್ನೊಬ್ರ ಕೈಲಿ ಹೇಳಿಸ್ತಾರೇನೋ? ನಿನ್ನ ಮದ್ವೇಲಿ ಮಣೆ ಮೇಲೆ ಇನ್ನೊಬ್ರನ್ನ ಕೂರ್ಸಿದ್ಯಾ?"

ಅಜ್ಜಿಗೆ ತೊಂಬತ್ತಾಗುತ್ತಾ ಬಂದಿತ್ತು. ಹಾಸಿಗೆ ಹಿಡಿದಿದ್ದಾರೆ ಎಂಬ ಸುದ್ದಿಯೂ ಬಂತು. ಆಕೆ ಇರುವುದರೊಳಗೆ ಆಕೆಯ ಭಾಷೆಯಲ್ಲೇ, ತಾನೇ, ತನ್ನ ಬಾಯಿಂದಲೇ ಹೇಳಬೇಕು ಎಂದು ಅತ್ತೆ ಹಟ ಹಿಡಿದರು. ಅವರು ಹಟ ಹಿಡಿದ ಮೇಲೆ ಬಿಡಿಸುವ ಶಕ್ತಿ ಮಾವನೊಬ್ಬರಿಗಿತ್ತು. ಅವರೂ ಅದನ್ನು ಬಳಸಿದ್ದನ್ನು ಕಂಡವರಿಲ್ಲ.

ಯೂನಿವರ್ಸಿಟಿ ಡಿಸ್ಟ್ರಿಕ್ಟ್‌ನಲ್ಲಿ ಘಾನಾದ ಸಂಶೋಧನಾ ವಿದ್ಯಾರ್ಥಿಯೊಬ್ಬ ಶನಿವಾರ ಎವೆ ಹೇಳಿಕೊಡುತ್ತಿದ್ದ. ನನ್ನ ಮಗಳ ಚೆಸ್ ಕ್ಲಾಸೂ ಅಲ್ಲೇ ಇದ್ದದ್ದು ನನ್ನ ಗ್ರಹಚಾರ. ಮೂವರೂ ಲೈಟ್ ರೈಲಿನಲ್ಲಿ ಹೋಗುತ್ತಿದ್ದೆವು. ಎವೆಯಲ್ಲಿ ಒಂದು ಫಕಾರವಿದೆಯಂತೆ, ಎರಡು ತುಟಿ ಹತ್ತಿರ ತಂದು ಮೇಣದಬತ್ತಿ ಆರಿಸುವ ಹಾಗೆ ಊದಬೇಕು. ಅತ್ತೆ ದಾರಿಯುದ್ದಕ್ಕೂ ಊದಿದರು. ಮುಂದಿನ ಸೀಟಿನವನ ಬೋಳು ತಲೆಗೆ ಗಾಳಿ ತಗುಲಿ ಅವನು ಕಿಟಕಿ ನೋಡಿದ, ಸೂರು ನೋಡಿದ, ಕೊನೆಗೆ ತಿರುಗಿ ಅತ್ತೆಯನ್ನು ನೋಡಿದ. ಅತ್ತೆ ನಕ್ಕು ಮತ್ತೆ ಊದಿದರು. ಅವನು ಜಾಕೆಟ್ಟಿನ ಟೋಪಿ ಎಳೆದು ತಲೆ ಮುಚ್ಚಿಕೊಂಡ. ನಾನು ಮೆಲ್ಲಗೆ ಎದ್ದು ಹಿಂದೆ ಹೋಗಿ, ಯಾರದೋ ಸೈಕಲ್ಲಿನ ಪಕ್ಕ, ಆ ಸೈಕಲ್ ನನ್ನದೇ ಎಂಬಂತೆ ನಿಂತೆ. ಆಗ, ಅತ್ತೆಯನ್ನು ಅಜ್ಜಿ ಎಂದೇ ಕರೆಯುವ ನನ್ನ ಮಗಳು ಇಡೀ ಡಬ್ಬಿಗೆ ಕೇಳಿಸುವ ಹಾಗೆ, "ಡ್ಯಾಡ್, ವೈ ಆರ್ ಯೂ ಹೈಡಿಂಗ್ ಫ್ರಮ್ ಅಜ್ಜಿ?" ಎಂದಳು. ಸೈಕಲ್ಲಿನವನೂ ನನ್ನನ್ನೇ ನೋಡಿದ.

ಬರಿಯ ಭಾಷೆ ಕಲಿತಿದ್ದರೆ ಹೇಗೋ ಸಹಿಸಬಹುದಿತ್ತು. ಆ ಮೇಷ್ಟ್ರು ರೀತಿ ರಿವಾಜುಗಳನ್ನೂ ಕಲಿಸಿದ. ಎವೆಯವರಲ್ಲಿ ಎಡಗೈಯಿಂದ ಏನನ್ನೂ ಕೊಡಬಾರದು, ತೆಗೆದುಕೊಳ್ಳಬಾರದು. ಅತ್ತೆಗೆ ತವರಿನವರೇ ಸಿಕ್ಕಿದಷ್ಟು ಸಂತೋಷವಾಯಿತು. "ನಮ್ಮಜ್ಜಿ ಇದನ್ನೇ ಬಡ್ಕೋತಿದ್ಳು ಕಣೋ. ಈ ದೇಶಕ್ಕೆ ಬಂದು ಎಲ್ಲಾ ಮರೆತುಬಿಟ್ಟಿದ್ದೆ" ಎಂದು ಅವತ್ತಿನಿಂದಲೇ ವ್ರತ ಹಿಡಿದರು. ಈ ದೇಶದಲ್ಲಿ ಡ್ರೈವರ್ ಸೀಟು ಎಡಕ್ಕೆ, ಕಿಟಕಿಯೂ ಎಡಕ್ಕೆ. ಕಾರಿನಲ್ಲಿ ಕೂತೇ ಕಾಫಿ ತೆಗೆದುಕೊಳ್ಳುವ ಅಂಗಡಿಯ ಕಿಟಕಿಗೆ ಕಾರು ತಂದ ಅತ್ತೆ, ಲೋಟ ಚಾಚಿದ ಹುಡುಗಿಯ ಕಡೆಗೆ ಬಲಗೈ ನೀಡಲು ಇಡೀ ಮೈಯನ್ನು ತಿರುಗಿಸಿದರು. ಮೈಯೊಂದಿಗೆ ಕಾಲೂ ತಿರುಗಿತು, ಬ್ರೇಕ್ ಬಿಟ್ಟುಹೋಯಿತು, ಕಾರು ತನ್ನಷ್ಟಕ್ಕೆ ಹೊರಟಿತು. ಹುಡುಗಿ ಲೋಟ ಹಿಡಿದು ಸೊಂಟದವರೆಗೆ ಕಿಟಕಿಯಿಂದಾಚೆ ಬಂದಿದ್ದಳು. ಪಕ್ಕದಲ್ಲಿ ಕೂತಿದ್ದ ನಾನು ಹ್ಯಾಂಡ್‌ಬ್ರೇಕ್ ಎಳೆದೆ. ಇಳಿದು ಹೋಗಿ ಕಾಫಿ ತಂದು ಕೊಟ್ಟೆ. ಅತ್ತೆ ತೆಗೆದುಕೊಳ್ಳಲಿಲ್ಲ. ನಾನು ಎಡಗೈಯಲ್ಲಿ ಕೊಟ್ಟಿದ್ದೆನಂತೆ.

ಆಮೇಲೆ ಅಡುಗೆ. ಒಬ್ಬೊಬ್ಬರು ಒಂದೊಂದು ಅಡುಗೆ ತರುವ ನಮ್ಮ ಕನ್ನಡದವರ ಪಾಟ್‌ಲಕ್ಕಿಗೆ ಅತ್ತೆ ಬಿಸಿಬೇಳೆಬಾತ್ ತರುತ್ತೇನೆಂದು ಒಪ್ಪಿಕೊಂಡಿದ್ದರು. ಅವರ ಕೈ ಬಿಸಿಬೇಳೆಬಾತ್ ಎಂದರೆ ಜನ ಮನೆಯಿಂದ ಡಬ್ಬಿ ತರುತ್ತಾರೆ. ಅವತ್ತು ಪಾತ್ರೆಯ ಮುಚ್ಚಳ ತೆಗೆದರೆ ಒಳಗೆ ಅಕ್ಪ್ಲೆ! ಮುಸುಕಿನ ಜೋಳದ ಹಿಟ್ಟಿನ ಬಿಳಿ ಉಂಡೆಗಳು, ಜೊತೆಗೆ ಲೋಳೆಲೋಳೆಯಾದ ಬೆಂಡೆಕಾಯಿ ಸಾರು. ಮೀನು ಹಾಕಬೇಕಂತೆ, ನಮ್ಮವರ ಮೇಲಿನ ಕನಿಕರದಿಂದ ಬಿಟ್ಟಿದ್ದರು. ಡಬ್ಬಿ ಹಿಡಿದು ಸಾಲಿನಲ್ಲಿ ನಿಂತಿದ್ದವರೆಲ್ಲ ನನ್ನನ್ನು ನೋಡಿದರು. ನನ್ನ ಹೆಂಡತಿ ಪ್ಲೇಟುಗಳನ್ನು ಎಣಿಸುವ ನೆಪದಲ್ಲಿ ಅಡುಗೆಮನೆ ಸೇರಿದಳು. ಯಾರದೋ ಮನೆಯ ಅಜ್ಜ, ಮಂಡ್ಯದ ಕಡೆಯವರು, ಒಂದು ಉಂಡೆ ಹಾಕಿಸಿಕೊಂಡು, ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದರು. ಎಲ್ಲರೂ ಅವರ ಗಂಟಲನ್ನೇ ನೋಡುತ್ತಿದ್ದೆವು. "ಮುದ್ದೇನೆ ಕಣಯ್ಯ" ಎಂದರು ಅವರು. "ಸ್ವಲ್ಪ ಬೆಳ್ಳಗಾಗಿದೆ, ಅಮೇರಿಕಾಕ್ಕೆ ಬಂದ್ಮೇಲೆ." ಮತ್ತೆರಡು ಹಾಕಿಸಿಕೊಂಡರು. ಉಳಿದದ್ದನ್ನು ನಾವು ವಾರವಿಡೀ ತಿಂದೆವು.

ಆದರೆ ಇವೆಲ್ಲವೂ ಥ್ಯಾಂಕ್ಸಿನ ಮುಂದೆ ಏನೂ ಅಲ್ಲ. ಯಾರಾದರೂ ಉಪಕಾರ ಮಾಡಿದರೆ ಎವೆಯವರು ಆಗ 'ಅಕ್ಪೆ', ಅಂದರೆ ಥ್ಯಾಂಕ್ಸ್, ಎಂದು ಹೇಳಿ ಸುಮ್ಮನಾಗುವುದಿಲ್ಲವಂತೆ. ಮರುದಿನ ಕಂಡು, ನಿನ್ನೆಯದಕ್ಕೆ ಎಂದು ಇನ್ನೊಮ್ಮೆ ಹೇಳಬೇಕಂತೆ. ನಾವೋ, ಮನೆಯವರಿಗೆ ಒಂದು ಸಲವೂ ಥ್ಯಾಂಕ್ಸ್ ಹೇಳದೆ ಮೂರು ತಲೆಮಾರು ಸಂಸಾರ ಮಾಡಿದ ಜನ. ಅತ್ತೆ ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸಲು ಹೊರಟರು. ಹಲ್ಲು ಕಿತ್ತ ಮರುದಿನ ಡೆಂಟಿಸ್ಟ್ ಹತ್ತಿರ ಹೋದರು. ರಕ್ತ ನಿಂತಿಲ್ಲವೇನೋ ಎಂದು ಅವರನ್ನು ಮತ್ತೆ ಕುರ್ಚಿಯಲ್ಲಿ ಮಲಗಿಸಿ ಬಾಯಿ ತೆಗೆಸಿದರಂತೆ. ಬಾಯಿ ತೆರೆದುಕೊಂಡೇ ಥ್ಯಾಂಕ್ಸ್ ಹೇಳಿ ಬಂದರು.

ಒಂದು ಸಂಜೆ ನಮ್ಮ ಮನೆಗೆ ಊಟಕ್ಕೆ ಬಂದಿದ್ದ ನನ್ನ ಮ್ಯಾನೇಜರ್ ಹೋಗುವಾಗ ಅತ್ತೆಯನ್ನು ಅವರ ಮನೆಗೆ ಬಿಟ್ಟು ಹೋದ. ಮರುದಿನ ಬೆಳಗ್ಗೆ ಸೌತ್ ಲೇಕ್ ಯೂನಿಯನ್ ಬಡಾವಣೆಯ ನಮ್ಮ ಆಫೀಸಿನ ರಿಸೆಪ್ಷನ್‌ನಿಂದ ನನಗೆ ಕಾಲ್ ಬಂತು. ಕೆಳಗೆ ಹೋದರೆ ಅತ್ತೆ, ರೇಷ್ಮೆ ಸೀರೆ, ಕೈಯಲ್ಲಿ ಕೊಡೆ.

"ನಿನ್ನ ಬಾಸ್‌ನ ಕರಿಯೋ."

"ಅತ್ತೆ, ಅವನು ಮೀಟಿಂಗಲ್ಲಿದಾನೆ. ನಾನೇ ಹೇಳ್ತೀನಿ, ನೀವು ಮನೆಗೆ ಹೋಗಿ."

"ನೀನ್ಯಾಕೆ ಹೇಳ್ತೀಯಾ? ಕಾರಲ್ಲಿ ಕೂತಿದ್ದು ನಾನು."

ಮ್ಯಾನೇಜರ್ ಬಂದ. ರಾತ್ರಿ ಕಾರಿನಲ್ಲಿ ತಾನು ಏನಾದರೂ ತಪ್ಪು ಮಾತಾಡಿದೆನೋ ಎಂಬ ಭಯ ಅವನ ಮುಖದ ಮೇಲೇ ಇತ್ತು. ಅತ್ತೆ ಎರಡು ಕೈ ಜೋಡಿಸಿ, "ಥ್ಯಾಂಕ್ ಯೂ ಫಾರ್ ಎಸ್ಟರ್ಡೇ" ಎಂದರು. ಅವನು ಮುಂದಿನ ಮಾತಿಗೆ ಕಾದ. ಮುಂದಿನ ಮಾತು ಇರಲಿಲ್ಲ. ಅತ್ತೆ ಕೊಡೆ ಬಿಚ್ಚಿಕೊಂಡು ಟ್ರಾಮ್ ನಿಲ್ದಾಣದ ಕಡೆ ಹೋದರು. ಲಾಬಿಯಲ್ಲಿ ನನ್ನ ಟೀಮಿನ ಅರ್ಧ ಜನ ಕಾಫಿ ಹಿಡಿದು ನಿಂತಿದ್ದರು. ನೆಲ ಬಾಯಿ ಬಿಟ್ಟಿದ್ದರೆ ನಾನು ಪಾರ್ಕಿಂಗ್‌ಗೆ ಇಳಿದುಬಿಡುತ್ತಿದ್ದೆ. ಮರುದಿನ ಮ್ಯಾನೇಜರ್ ನನ್ನ ಡೆಸ್ಕಿಗೆ ಬಂದು, ಅತ್ತೆ ಥ್ಯಾಂಕ್ಸ್ ಹೇಳಿದ್ದಕ್ಕೆ ಥ್ಯಾಂಕ್ಸ್ ಹೇಳಿ ಹೋದ. ಈ ರೋಗ ಅಂಟುತ್ತದೆ ಎಂದು ಮೇಷ್ಟ್ರು ಹೇಳಿರಲಿಲ್ಲ.

ಇಷ್ಟಾದ ಮೇಲೆ ನಾನು ಅತ್ತೆಯ ಮನೆಗೆ ಹೋಗುವುದನ್ನು ಕಡಿಮೆ ಮಾಡಿದೆ. ನಮ್ಮ ಮನೆಗೆ ಯಾರನ್ನಾದರೂ ಊಟಕ್ಕೆ ಕರೆದರೆ ಅತ್ತೆಗೆ ಹೇಳುತ್ತಿರಲಿಲ್ಲ. ಅವರು ಕೇಳಲೂ ಇಲ್ಲ. ಮಗಳು ಮಾತ್ರ "ವೇರ್ ಇಸ್ ಅಜ್ಜಿ?" ಎನ್ನುತ್ತಿದ್ದಳು. "ಅಜ್ಜೀಗೆ ಕ್ಲಾಸಿದೆ ಪುಟ್ಟ" ಎಂದು ನಾನು ಅವಳಿಗೂ ಸುಳ್ಳು ಹೇಳಿದೆ.

ಕೊನೆಗೊಂದು ದಿನ ಅತ್ತೆಯೇ ಫೋನ್ ಮಾಡಿದರು. "ಘಾನಾ ಅಜ್ಜಿ ನಂಬರ್ ಸಿಕ್ಕಿದೆ. ಮೈ ಸರಿಯಿಲ್ವಂತೆ, ಜಾಸ್ತಿ ದಿನ ತಳ್ಳಬೇಡಿ ಅಂದ್ರು ಅವರ ಮಗ. ವಿಡಿಯೊ ಕಾಲ್ ಹಾಕ್ಕೊಡೋಕೆ ಬಾ." ನಾನು ಶನಿವಾರ ಬೆಳಗ್ಗೆ ಹೋಗಿ, ಫೋನನ್ನು ಟೇಬಲ್ಲಿನ ಮೇಲೆ ಒರಗಿಸಿ, ಡಯಲ್ ಮಾಡಬೇಕು ಎನ್ನುವಾಗ, ಘಾನಾದಲ್ಲಿ ಆಗ ಮಧ್ಯಾಹ್ನ ಎಂದು ಅತ್ತೆಗೆ ಹೊಳೆಯಿತು. ಅವರು ಬಾಯಿಪಾಠ ಮಾಡಿದ್ದೆಲ್ಲ ಬೆಳಗಿನ ಕುಶಲ. "ಮಧ್ಯಾಹ್ನ ಹೊತ್ತು ಗುಡ್ ಮಾರ್ನಿಂಗ್ ಅಂದ್ರೆ ಏನ್ ತಿಳ್ಕೋತಾರೆ?" ಎಂದು ನನ್ನನ್ನು ವಾಪಸ್ ಕಳಿಸಿದರು. ಆ ವಾರವೆಲ್ಲ ಅವರಿಗೆ ಒಂದೇ ಹೆದರಿಕೆ, ತಾನು ಮಧ್ಯಾಹ್ನದ್ದನ್ನು ಕಲಿಯುವಷ್ಟರಲ್ಲಿ ಅಲ್ಲಿ ಏನಾಗುತ್ತದೋ ಎಂದು. ಮಂಗಳವಾರ ಮಧ್ಯಾಹ್ನ ಫೋನ್ ಮಾಡಿ, "ಇದ್ದಾರೆ ಕಣೋ, ಮಗನ್ನ ಕೇಳ್ದೆ" ಎಂದು ಅಷ್ಟೇ ಹೇಳಿ ಇಟ್ಟರು.

ಮುಂದಿನ ಶನಿವಾರ ಕಾಲ್ ಹೋಯಿತು. ಮೊಮ್ಮಗಳೊಬ್ಬಳು ಫೋನ್ ಹಿಡಿದಿದ್ದಳು. ದಿಂಬಿಗೊರಗಿ ಅಜ್ಜಿ, ಬಹಳ ಇಳಿದುಹೋಗಿದ್ದರು. ಕಿವಿಯೂ ಮಂದವಾಗಿತ್ತು. ಅತ್ತೆ ಕೂಗಿ ಮಾತಾಡಬೇಕಾಯಿತು. ಪಕ್ಕದ ಮನೆಯವರು ಗೋಡೆ ಬಡಿದರು. ನನ್ನ ಕಿವಿ ಬಿಸಿಯಾಯಿತು. ಅತ್ತೆ ಲೆಕ್ಕಿಸಲಿಲ್ಲ. ಎರಡು ಸಲ ತಡವರಿಸಿದರು, ಒಂದು ಸಲ ಕಣ್ಣು ಮುಚ್ಚಿ ನೆನಪು ಮಾಡಿಕೊಂಡರು, ಆಮೇಲೆ ಆ ಚಳಿಗಾಲಕ್ಕೆಂದು ಬಾಯಿಪಾಠ ಮಾಡಿಕೊಂಡಿದ್ದನ್ನೆಲ್ಲ ಹೇಳಿದರು. ನನಗೆ ಅರ್ಥವಾದದ್ದು ಅಕ್ಪೆ ಎಂಬುದೊಂದೇ. ಅಜ್ಜಿ, ಆಗಲಿ ಎಂಬಂತೆ, "ಯೋ" ಎಂದರು. ಮತ್ತೊಮ್ಮೆ "ಯೋ" ಎಂದರು. ಕೈಯನ್ನು ಮೆಲ್ಲಗೆ ಎತ್ತಿ, ಫೋನಿನ ಕಡೆ ಚಾಚಿ, ಬೆಳ್ಳುಳ್ಳಿ ಸುಲಿಯುವ ಹಾಗೆ ಬೆರಳಾಡಿಸಿದರು. ಇಬ್ಬರೂ ನಕ್ಕರು.

ಆಮೇಲೆ ಅಜ್ಜಿ ಏನೋ ಕೇಳಿದರು. ಅತ್ತೆ ಉತ್ತರ ಹೇಳುತ್ತ ಹೋದರು. ಆ ಉತ್ತರದ ನಡುವೆ ನನ್ನ ಹೆಸರು ಬಂತು. ನನ್ನ ಹೆಂಡತಿಯ ಹೆಸರು, ಮಗಳ ಹೆಸರು. ಅಜ್ಜಿ ಪ್ರತಿ ಹೆಸರಿಗೂ ತಲೆಯಾಡಿಸಿದರು.

ಕಾಲ್ ಮುಗಿದ ಮೇಲೆ ಕೇಳಿದೆ. "ನಮ್ಮ ಹೆಸರೆಲ್ಲ ಯಾಕೆ ಬಂತು ಅತ್ತೆ?"

"ಅವರಲ್ಲಿ ಹಂಗೇ ಕಣೋ, ಮನೆಮಂದಿ ಎಲ್ಲಾ ಹೇಗಿದಾರೆ ಅಂತ ಕೇಳ್ಬೇಕು. ಆಗ ದಿನಾ ಬಾಗಿಲಲ್ಲಿ ನಿಂತು ಕೇಳ್ತಿದ್ದಿದ್ದೂ ಅದನ್ನೇ ಅಂತೆ, ನಂಗೆ ತಿಳೀತಿರ್ಲಿಲ್ಲ ಅಷ್ಟೆ. ಎಲ್ರೂ ಚೆನ್ನಾಗಿದಾರೆ ಅಂದೆ."

"ನಾವು ಈ ಮನೇಲಿ ಇಲ್ವಲ್ಲ."

ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ಮತ್ತೆ ಇನ್ಯಾರ ಹೆಸರು ಹೇಳ್ಲೋ?" ಎಂದು, ಕಾಫಿಗೆ ಹಾಲಿಡಲು ಒಳಗೆ ಹೋದರು.

ನನಗೆ ತಲೆ ಎತ್ತಲಾಗಲಿಲ್ಲ. ಈ ಸಲದ ನಾಚಿಕೆ ಅವರ ಕಡೆಯಿಂದ ಬಂದದ್ದಲ್ಲ.